ಟಗರಿನ ಪಕ್ಕದಲ್ಲಿ ಸಿದರಾಯ

ನಿಪ್ಪಾಣಿ ಬಸ್ ನಿಲ್ದಾಣದ ಹಿಂದೆ ಕಾಜಲಳ ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ಫ್ಲೆಕ್ಸ್ ಅಂಗಡಿಯವರು, ಮದುವೆ ವಿಡಿಯೊ ಮಾಡುವವರು ತಮ್ಮ ದೊಡ್ಡ ಕಂಪ್ಯೂಟರು ಬದಲಿಸಿದಾಗ ಹಳೆಯವು ಇವಳಿಗೆ ಬರುತ್ತವೆ. ಅವುಗಳ ಹಾರ್ಡ್ ಡಿಸ್ಕ್ ಬಿಚ್ಚಿ, ಒಳಗಿದ್ದುದನ್ನೆಲ್ಲ ಅಳಿಸಿ, ಶಾಲೆಗೋ ಹಾಲಿನ ಡೇರಿಗೋ ಸಾದಾ ಕಂಪ್ಯೂಟರಿಗೆ ಹಾಕಿ ಕೊಡುತ್ತಾಳೆ. ಅಳಿಸುವುದರಲ್ಲಿ ಇವಳದು ವಿಪರೀತ ಮಡಿ. ಒಬ್ಬರ ಮದುವೆ, ತೊಟ್ಟಿಲು ಇನ್ನೊಬ್ಬರ ಮನೆಗೆ ಹೋಗಬಾರದಂತೆ. ಈ ಪುರಾಣ ಶುರುವಾದರೆ ಪಕ್ಕದ ಅಂಗಡಿಯಿಂದ ಹರಟೆಗೆ ಬಂದ ನಾನು ಚಹಾ ಮುಗಿಸಿ ಎದ್ದುಬಿಡುತ್ತೇನೆ.

ಕಳೆದ ತಿಂಗಳು ಅಕ್ಕೋಳದ ತಾರವ್ವ ಬಂದಳು. ಕುರಿ ಸಾಕುವ ಮನೆತನ. ಗಂಡ ಸಿದರಾಯ ತೀರಿಕೊಂಡು ವರ್ಷವಾಗುತ್ತಿತ್ತು, ಗೋಡೆಗೆ ಹಾಕಲು ಫೋಟೊ ಬೇಕಿತ್ತು. ಆಧಾರ್ ಕಾರ್ಡಿನಲ್ಲಿರುವವನು ತನ್ನ ಗಂಡನೇ ಅಲ್ಲ ಎಂದು ಅವಳ ವಾದ, ನೋಡಿದವರೂ ಒಪ್ಪುತ್ತಾರೆ. ಚೆಂದದ ಫೋಟೊ ಒಂದೇ ಒಂದು, ಅವನ ಟಗರು ಕಾಳಗದಲ್ಲಿ ಗೆದ್ದಾಗ ಹಾಕಿಸಿದ ಫ್ಲೆಕ್ಸಿನಲ್ಲಿತ್ತು. ಆ ಫ್ಲೆಕ್ಸನ್ನು ಆಮೇಲೆ ಮೇವಿನ ಬಣವೆಗೆ ಹೊದಿಸಿದ್ದರು. ಬಿಸಿಲು ಮಳೆಗೆ ಅದು ಚಿಂದಿಯಾಗಿತ್ತು.

"ಹಳೇ ಡಿಸ್ಕ್ ನಿನಗ ಕೊಟ್ಟೇವಿ ಅಂದ್ರು ಫ್ಲೆಕ್ಸ್ ಅಂಗಡಿಯವ್ರು. ಅದ್ರಾಗ ಐತೇನವಾ?"

ಕಾಜಲಳ ಮುಖ ಸಪ್ಪಗಾಯಿತು. "ಅದನ್ನ ನಿಮ್ಮೂರ ಡೇರಿಗೆ ಹಾಕೇನಿ ಆಯಿ. ಎಲ್ಲಾ ಅಳಿಸೇ ಕೊಟ್ಟಿರ್ತೀನಿ."

ತಾರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತುಬಿಟ್ಟಳು. ಕಾಜಲಳಿಗೆ ಸಂಕಟವಾಯಿತು. ಅಳಿಸಿದ್ದು ಒಮ್ಮೊಮ್ಮೆ ಮರಳಿ ಸಿಗುವುದುಂಟು. ಅಂಗಡಿ ಮುಚ್ಚಿ, ತಾರವ್ವನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಅಕ್ಕೋಳಕ್ಕೆ ಹೊರಟಳು.

ಡೇರಿಯ ಕಾರ್ಯದರ್ಶಿ ಧರಣೇಂದ್ರ ಹೊರಗಿನಿಂದ ಹೊಸದಾಗಿ ಬಂದವನು. ಕಾಜಲ ಬಂದ ಕೆಲಸ ಹೇಳಿದಾಗ, ತನ್ನ ಕಡೆಗಿದ್ದ ಕಂಪ್ಯೂಟರಿನ ಪರದೆಯನ್ನು ಇವರತ್ತ ತಿರುಗಿಸಿದ. ಪರದೆಯ ತುಂಬ ಭಂಡಾರದ ಅರಿಸಿನ ಬಳಿದುಕೊಂಡ ಟಗರು. ಪಕ್ಕದಲ್ಲಿ ಒಬ್ಬ ಮನುಷ್ಯ, ಮುಖ ಕಾಣದಂತೆ ಅದರ ಮೇಲೆಲ್ಲ ಐಕಾನುಗಳು.

"ಇದು ಮೊದಲಽ ಇದ್ರಾಗಿತ್ರಿ," ಎಂದ ಧರಣೇಂದ್ರ. "ಟಗರು ಭಾರಿ ಐತಿ ಅಂತ ಇಟ್ಕೊಂಡೇನಿ. ಮನಶ್ಯಾ ಯಾರೋ ಗೊತ್ತಿಲ್ಲ."

ಡೇರಿಯವರ ಅವಸರಕ್ಕೆ ಕಾಜಲ ಡಿಸ್ಕಿನ ಅರ್ಧ ಭಾಗವನ್ನಷ್ಟೇ ಅಳಿಸಿ ಉಳಿದದ್ದನ್ನು ಮರೆತಿದ್ದಳು. ಮಡಿ ಕೆಟ್ಟಿತ್ತು, ಪುಣ್ಯಕ್ಕೆ ಕೆಟ್ಟಿತ್ತು. ತಾರವ್ವನ ಸೊಸೆ ದಿನಾ ಈ ಪರದೆಯ ಬೆನ್ನಿಗೆ ನಿಂತೇ ಹಾಲು ಹಾಕಿ ಹೋಗುತ್ತಿದ್ದಳು.

"ಅಂವನ ಮಾರಿ ಮ್ಯಾಲಿನ ಡಬ್ಬಿ ತಗೀರಿ," ಎಂದಳು ತಾರವ್ವ.

"ಎಲ್ಲಿ ಇಡ್ಲಿ, ಆಯಿ?"

"ಟಗರಿನ ಮ್ಯಾಲೆ ಇಡ್ರಿ. ಅದೇನೂ ಅನ್ನಾಂಗಿಲ್ಲ."

ಒಂದೊಂದೇ ಐಕಾನು ಸರಿದಂತೆ ಸಿದರಾಯನ ಮೀಸೆ ಬಂತು, ಮೂಗು ಬಂತು, ನಗುವ ಕಣ್ಣು ಬಂದವು. ತಾರವ್ವ ನಿಂತಲ್ಲೇ ಅತ್ತಳು. ಕಾಜಲ ಫೋಟೊವನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ರೂಢಿಯಂತೆ ಅಳಿಸಲು ಕೈಯಿಟ್ಟಳು. ತಾರವ್ವ ಆ ಕೈ ಹಿಡಿದಳು.

"ಇರಲಿ ಬಿಡವಾ. ನಾಳಿಂದ ಹಾಲ ನಾನಽ ತರ್ತೀನಿ."