ಮಳೆಕಾಡಿನಲ್ಲಿ ಸಕ್ಕರೆ ಇಲ್ಲದ ಚಹಾ

ಹೆಣ್ಣು ನೋಡಲು ಬಂದ ದಿನ ಕಮಲಾಕ್ಷರು ಸುಗುಣಾಳ ಮುಖಕ್ಕಿಂತ ಮೊದಲು ನೋಡಿದ್ದು ಅವಳು ತಂದ ಕಾಫಿಯನ್ನು. ಲೋಟವನ್ನು ಮೂಗಿನ ಬಳಿ ಹಿಡಿದು ಮೂಸಿ, "ಹಾಲು ನಿನ್ನೆಯದಾ?" ಎಂದು ಕೇಳಿದ್ದರು. ನಿನ್ನೆಯದೇ ಆಗಿತ್ತು. ಸುಗುಣಾಳಿಗೆ ಸಿಟ್ಟೂ ಬಂತು, ನಗುವೂ ಬಂತು.

ಮದುವೆಯಾಗಿ ಉಡುಪಿಯಿಂದ ಡೊಂಬಿವಲಿಗೆ ಬಂದ ಮೇಲೆ ಅವಳಿಗೆ ತಿಳಿಯಿತು, ಈ ಸಂಶಯ ಹಾಲಿಗಷ್ಟೇ ಸೀಮಿತವಲ್ಲವೆಂದು. ಕಲ್ಯಾಣದ ಸ್ಟೇಷನ್ ಎದುರಿನ ತಮ್ಮ ಹೋಟೆಲಿನಲ್ಲಿ ಅವರು ತುಪ್ಪವನ್ನು ಅಂಗೈಗೆ ಉಜ್ಜಿ ನೋಡುತ್ತಿದ್ದರು; ಸವಿಮಾತಿನವರನ್ನು ಎರಡು ಸಲ ನೋಡುತ್ತಿದ್ದರು. ಮಗ ಸಂದೇಶನಿಗೆ ಬಂದ ಎರಡು ಸಂಬಂಧಗಳೂ ಹೀಗೆಯೇ ಮುರಿದವು. ಒಬ್ಬಳ ತಂದೆ ವಿಪರೀತ ನಗುತ್ತಾರಂತೆ. ಇನ್ನೊಬ್ಬಳ ಮನೆಯವರು ಹುಡುಗನ ಬಗ್ಗೆ ಏನೂ ಕೇಳಲಿಲ್ಲವಂತೆ, ಯಾಕೆ?

ಆದ್ದರಿಂದ ಸಂದೇಶ ತಾನು ಮೆಚ್ಚಿದ ಅಶ್ಮಿತಾಳ ವಿಷಯವನ್ನು ತಾಯಿಗೆ ಮಾತ್ರ ಹೇಳಿದ. ಮಹಾಪೆಯ ಆಚೆ ಹೊಸದಾಗಿ ತೆರೆದ ಮಳೆಕಾಡು ಉದ್ಯಾನದಲ್ಲಿ ಗಿಡಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಮೊದಲು ಅಲ್ಲೇ ಅವಳು ಅಪ್ಪನ ಕಣ್ಣಿಗೆ ಬೀಳಲಿ, ಮಾತು ಆಮೇಲೆ ಎಂದು ತಾಯಿಮಗ ಗುಟ್ಟಾಗಿ ನಿಶ್ಚಯಿಸಿದರು. ಈ ಸಲವೂ ಗಂಡ ಬೇಡವೆಂದರೆ ಮಗ ಮನೆಯನ್ನೇ ಬಿಟ್ಟಾನು ಎಂಬ ಭಯ ಸುಗುಣಾಳಿಗೆ.

ಭಾನುವಾರ, ಗಾಜಿನ ಚಾವಣಿಯ ಕೆಳಗೆ ಕಾಲಿಡುತ್ತಲೇ ಕಮಲಾಕ್ಷರ ಹುಬ್ಬು ಮೇಲೇರಿತು.

"ಮೇ ತಿಂಗಳಲ್ಲಿ ಮಳೆಯಾ?"

"ಪೈಪಿನದ್ದು ಪಪ್ಪಾ," ಎಂದ ಸಂದೇಶ.

"ಹಕ್ಕಿ ಕೂಗುವುದು ಕೇಳ್ತದೆ, ಹಕ್ಕಿ ಎಲ್ಲುಂಟು? ಈ ಮರವೂ ಪ್ಲಾಸ್ಟಿಕ್ಕೇ ಇರಬೇಕು ಮಾರಾಯ."

ಒಂದು ಎಲೆಯನ್ನು ಉಗುರಿನಿಂದ ಚಿವುಟಿದರು. ಬಿಳಿ ಸೊನೆ ಒಸರಿ ಅಂಗಿಯ ತೋಳಿಗೆ ಮೆತ್ತಿತು.

"ಅಂಕಲ್, ಅದು ಅಸಲಿ," ಎಂದಳು ನೀರಿನ ಪೈಪು ಹಿಡಿದು ನಿಂತಿದ್ದ ಅಶ್ಮಿತಾ. "ಪಕ್ಕದ್ದು ಚಿವುಟಿ, ಅದು ನಕಲಿ. ಹಕ್ಕಿಯೂ ನಕಲಿ. ಸ್ಪೀಕರ್ ಆ ಬಂಡೆಯೊಳಗಿದೆ. ಬಂಡೆ ಸಿಮೆಂಟಿಂದು."

"ಮತ್ತೆ ಟಿಕೆಟ್ ಎಂತಕ್ಕೆ?"

"ನಾನೂ ಸಾಹೇಬರನ್ನು ಅದೇ ಕೇಳಿದೆ, ಅಂಕಲ್."

ಕಮಲಾಕ್ಷರು ಹುಡುಗಿಯನ್ನು ಎರಡು ಸಲ ನೋಡಿದರು.

ಹೊರಡುವ ಮೊದಲು ಅಶ್ಮಿತಾ ತಾನಾಗಿಯೇ ಕ್ಯಾಂಟೀನಿನಿಂದ ಚಹಾ ತಂದುಕೊಟ್ಟಳು. ಕಮಲಾಕ್ಷರು ಮೂಸಿದರು, ಒಂದು ಗುಟುಕು ಕುಡಿದರು, ಆಮೇಲೆ ಮಾತೇ ಇಲ್ಲ. ರಿಕ್ಷಾ ಡೊಂಬಿವಲಿ ತಲುಪಿ, ಮನೆ ಕಾಣತೊಡಗಿದಾಗ ಬಾಯಿಬಿಟ್ಟರು.

"ನನ್ನ ಚಹಾಕ್ಕೆ ಸಕ್ಕರೆ ಬೇಡವೆಂದು ಆ ಹುಡುಗಿಗೆ ಹೇಳಿದ್ದು ಯಾರು?"

ತಾಯಿಮಗ ಮುಖಮುಖ ನೋಡಿಕೊಂಡರು.

"ನಾನೇ, ಫೋನಿನಲ್ಲಿ," ಎಂದಳು ಸುಗುಣಾ.

"ಅವಳನ್ನು ಕೇಳಿದ್ದರೆ ಆಗಲೇ ಹೇಳಿಬಿಡುತ್ತಿದ್ದಳು. ನಿಮ್ಮ ಬಾಯಿಂದ ಬರುತ್ತದಾ ನೋಡುವ ಅಂತ ಕಾದೆ." ರಿಕ್ಷಾದಿಂದ ಇಳಿದು ತೋಳಿನ ಕಲೆಯನ್ನು ಉಜ್ಜುತ್ತ ಮಗನ ಕಡೆ ತಿರುಗಿದರು. "ಅವಳ ಅಪ್ಪನ ನಂಬರ್ ಕೊಡು. ತುಂಬ ನಗುವವರಾ?"

ಈಗ ಅಶ್ಮಿತಾ ಅವರ ಸೊಸೆ. ಕಮಲಾಕ್ಷರು ಬಿಡುವಾದಾಗ ಅವಳೊಡನೆ ಉದ್ಯಾನಕ್ಕೆ ಹೋಗಿ, ಯಾವ ಎಲೆ ಅಸಲಿ, ಯಾವುದು ನಕಲಿ ಎಂದು ಬಂದವರಿಗೆಲ್ಲ, ಯಾರೂ ಕೇಳದೆಯೇ, ತೋರಿಸುತ್ತಾರೆ. ಸೊಸೆ ಕೊಟ್ಟ ಚಹಾವನ್ನು ಮೂಸದೆ ಕುಡಿಯುತ್ತಾರೆ. ಸುಗುಣಾಳ ಲೋಟವನ್ನು ಮಾತ್ರ ಇಂದಿಗೂ ಮೂಗಿಗೆ ಹಿಡಿದು, "ಹಾಲು ನಿನ್ನೆಯದಾ?" ಎನ್ನುತ್ತಾರೆ.

"ಮೊನ್ನೆಯದು," ಎನ್ನುತ್ತಾಳೆ ಅವಳು.