ಈಗಿಲ್ಲದ ಸಮುದ್ರ

ತಾಮ್ರದ ಗಣಿಯಲ್ಲಿ ಎಲ್ಲರೂ ಅವಳನ್ನು ಕಲ್ಲಕ್ಕ ಅಂತಲೇ ಕರೆಯುತ್ತಿದ್ದರು. ನೆಲದಾಳದಿಂದ ಕೊರೆದು ತೆಗೆದ ಕಲ್ಲಿನ ದಿಂಡುಗಳನ್ನು ತೊಳೆದು, ಗರಗಸದ ಯಂತ್ರಕ್ಕೆ ಕೊಟ್ಟು ಉದ್ದಕ್ಕೆ ಸೀಳುವುದು ಅವಳ ಕೆಲಸ. ಒಂದು ಹೋಳು ಪರೀಕ್ಷೆಗೆ ಪುಡಿಯಾಗಲು ಹೋಗುತ್ತಿತ್ತು, ಇನ್ನೊಂದು ಟ್ರೇಯಲ್ಲಿ ಉಳಿಯುತ್ತಿತ್ತು. ಹತ್ತೊಂಬತ್ತು ವರ್ಷ ಹೀಗೇ ಕಳೆದಿತ್ತು.

ಒಂದು ಬೆಳಿಗ್ಗೆ ಹಿತ್ತಾಳೆ ಬಣ್ಣದ ದಿಂಡೊಂದನ್ನು ಒರೆಸುವಾಗ ಅದರ ತುದಿಯಲ್ಲಿ ಪುಟ್ಟ ಪುಟ್ಟ ಉಂಗುರಗಳು ಕಂಡವು. ಬಿರುಕಾಗಿದ್ದರೆ ಇಷ್ಟು ದುಂಡಗಿರುವುದಿಲ್ಲ ಅನ್ನಿಸಿ ಯಂತ್ರ ನಿಲ್ಲಿಸಿದಳು. ಮೇಸ್ತ್ರಿ ಗದರಿದರೂ ಜಗ್ಗಲಿಲ್ಲ. ಭೂವಿಜ್ಞಾನಿ ಮೇಡಂ ಬರುವವರೆಗೂ ದಿಂಡನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.

ಮೇಡಂ ಭೂತಗನ್ನಡಿ ಹಿಡಿದು ನೋಡಿದವರು ಹಾಗೇ ನೆಲಕ್ಕೆ ಕುಕ್ಕರಿಸಿದರು. “ಅಕ್ಕಾ, ಇದು ಹುಳದ ಮನೆ!”

“ಕಲ್ಲೊಳಗೆ ಹುಳವಾ?”

“ಕೋಟ್ಯಂತರ ವರ್ಷದ ಹಿಂದೆ ಇದು ಸಮುದ್ರದ ತಳ. ಭೂಮಿಯ ಮೇಲ್ಪದರ ದೊಡ್ಡ ದೊಡ್ಡ ತುಂಡುಗಳಾಗಿದೆಯಲ್ಲ, ಅಂಥ ಎರಡು ತುಂಡು ನೀರಿನಡಿ ದೂರ ಸರಿದ್ವು. ಬಿರುಕಿಗಿಳಿದ ನೀರು ಕಾದು, ಕಲ್ಲಿನ ತಾಮ್ರ ಕರಗಿಸಿಕೊಂಡು ಬುಗ್ಗೆಯಾಗಿ ಮೇಲೆ ಬಂತು. ತಣ್ಣೀರು ತಾಗಿದ್ದೇ ತಡ, ತಾಮ್ರ ಅಲ್ಲೇ ಕೂತಿತು. ಆ ಬುಗ್ಗೆ ಪಕ್ಕದಲ್ಲೇ ಈ ಹುಳಗಳು ಬದುಕಿದ್ವು. ಅವುಗಳ ಕೊಳವೆಯಂಥ ಮನೆ ಮೇಲೂ ತಾಮ್ರ ಕೂತು ಕಲ್ಲಾಯ್ತು.”

ಹುಟ್ಟಿದಾಗಿನಿಂದ ಸಮುದ್ರವನ್ನೇ ಕಾಣದ ಕಲ್ಲಕ್ಕ ಉಂಗುರಗಳ ಮೇಲೆ ಬೆರಳಾಡಿಸಿದಳು. “ಆ ಸಮುದ್ರ ಎಲ್ಲಿದೆ ಮೇಡಂ? ಒಂದ್ಸಲ ನೋಡ್ಬೇಕು.”

“ಅದು ಈಗಿಲ್ಲ ಅಕ್ಕಾ. ಆ ತುಂಡುಗಳು ಮತ್ತೆ ಹತ್ತಿರ ಬಂದು, ತಳವೆಲ್ಲ ಭೂಮಿಯೊಳಗೆ ಇಳಿದುಹೋಯ್ತು. ಎಲ್ಲೋ ಒಂದು ಚೂರು ಮಾತ್ರ ನೆಲಕ್ಕೆ ಮೆತ್ತಿಕೊಂಡು ಉಳೀತು. ಅದೇ ನಮ್ಮ ಗಣಿ.”

ದಿಂಡು ದೂರದ ಸಂಗ್ರಹಾಲಯಕ್ಕೆ ಹೋಯಿತು. ಕಲ್ಲಕ್ಕನ ಮನಸ್ಸು ಮಾತ್ರ ಆ ನೀರಿನಲ್ಲೇ ನಿಂತುಬಿಟ್ಟಿತು. ಮಧ್ಯಾಹ್ನದ ಬಿಡುವಿನಲ್ಲಿ ಟ್ರೇಗಳ ನಡುವೆ ಕೂತು, ಒದ್ದೆ ಕಲ್ಲಿನ ಮೇಲೆ ಅಂಗೈಯಿಡುತ್ತಿದ್ದಳು. ಮನೆಯಲ್ಲಿ ತುತ್ತು ಕೈಯಲ್ಲೇ ಒಣಗುತ್ತಿತ್ತು.

“ಇಲ್ಲದ ಸಮುದ್ರಕ್ಕೆ ಯಾಕಿಷ್ಟು ಹಂಬಲಿಸ್ತೀಯ? ಇರೋದನ್ನ ತೋರಿಸ್ತೀನಿ, ನಡಿ” ಎಂದ ಅವಳ ಗಂಡ. ಗಣಿಯ ಬಸ್ಸು ಓಡಿಸುವವನು, ಎಂದೂ ಕೇಳದ ರಜೆ ಕೇಳಿ, ಎರಡು ದಿನದ ರೈಲಿನಲ್ಲಿ ಅವಳನ್ನು ಕಡಲ ತೀರಕ್ಕೆ ಕರೆದೊಯ್ದ.

ಅಲೆ ಬಂದು ಪಾದ ತೋಯಿಸಿತು. ಕಲ್ಲಕ್ಕ ಬಾಗಿ ಒದ್ದೆ ಮರಳಿನ ಮೇಲೆ ಅಂಗೈಯಿಟ್ಟು ನೋಡಿ, ಕೈ ತೆಗೆದಳು.

“ಚೆನ್ನಾಗಿಲ್ವಾ?”

“ಚೆನ್ನಾಗಿದೆ ಕಣ್ರೀ. ಆದ್ರೆ ಇದಲ್ಲ.”

“ಬಟ್ಟೆ ಅಂಗಡೀಲೂ ನಿಂದು ಇದೇ ಮಾತು!”

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಳು. ಅವನು ಮತ್ತೆ ತಮಾಷೆ ಮಾಡದೆ, ಪ್ಯಾಂಟು ಮಡಚಿಕೊಂಡು ಪಕ್ಕದಲ್ಲಿ ನೀರಿಗಿಳಿದ.

“ಮುಂದಿನ ವರ್ಷಾನೂ ಬರೋಣ್ವಾ?” ಎಂದಳು.

“ಇದಲ್ಲ ಅಂದ್ಯಲ್ಲ?”

“ಅಲ್ಲ. ಆದ್ರೂ ಬರೋಣ.”