ಬದಲಿಸದ ಮಗ್ಗುಲು

ಹುಡುಗಿ ನರ್ಸಿಂಗ್ ಶಾಲೆಗೆ ಸೇರಿ ಮೂರು ತಿಂಗಳಾಗಿತ್ತಷ್ಟೆ. ಅಷ್ಟರಲ್ಲೇ ಜೊತೆಯವರು ಅವಳಿಗೆ ‘ಪುಸ್ತಕದ ಹುಳು’ ಎಂದು ಹೆಸರಿಟ್ಟಿದ್ದರು. ಆ ವಾರ ಅವಳ ಪಾಲಿಗೆ ಬಂದವನು ಪಾರ್ಶ್ವವಾಯು ಬಡಿದು ಮಲಗಿದ್ದ ಒಬ್ಬ ದರ್ಜಿ. ಅವನಿಗೆ ಹೊರಳಲೂ ಆಗದು, ಮಾತೂ ಹೋಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನು ನೋಡಬೇಕು, ಮಾಡಿದ ಮೇಲೆಯೇ ಹಾಳೆಯಲ್ಲಿ ಬರೆಯಬೇಕು. ಅವಳು ಕಲಿತ ಮೊದಲ ಪಾಠವೇ ಅದು.

ಪರೀಕ್ಷೆ ಹತ್ತಿರವಿತ್ತು. ವಾರ್ಡಿನ ಮೂಲೆಯ ಸ್ಟೂಲಿನಲ್ಲಿ ಕೂತು ಅವಳು ಉರುಹೊಡೆಯುತ್ತಿದ್ದುದು ಹಾಸಿಗೆ ಹುಣ್ಣು ಬರುವ ಕಾರಣಗಳನ್ನೇ. ಹತ್ತು, ಹನ್ನೆರಡು, ಎರಡು ಗಂಟೆ ಎಂದು ಮೂರು ಸಾಲನ್ನೂ ಒಟ್ಟಿಗೇ ಬರೆದು ಸಹಿ ಹಾಕಿದಳು. ದರ್ಜಿಯನ್ನು ಮುಟ್ಟಿರಲಿಲ್ಲ. ಮರುದಿನವೂ ಅದೇ ಕಥೆ.

ಮೂರನೆಯ ದಿನ ಅವನ ಸೊಂಟದ ಕೆಳಗೆ ಚರ್ಮ ಒಡೆದಿತ್ತು. ಹಿರಿಯ ಸಿಸ್ಟರ್ ಹಾಳೆ ನೋಡಿ, ರೋಗಿಗಳ ಬಟ್ಟೆ ಬದಲಿಸುವ ವಾರ್ಡಿನ ಆಯಾಳ ಕಡೆ ತಿರುಗಿದರು. “ಹುಡುಗಿ ತನ್ನ ಕೆಲಸ ಮಾಡಿದಾಳೆ. ನೀನೇ ಒದ್ದೆ ಬಟ್ಟೇಲಿ ಬಿಟ್ಟಿರಬೇಕು.”

ಆಯಾ ಒಮ್ಮೆ ಹುಡುಗಿಯ ಮುಖ ನೋಡಿದಳು. ಹುಡುಗಿ ತಲೆ ತಗ್ಗಿಸಿ ನಿಂತಳು. ಅಂದೇ ಆಯಾಳನ್ನು ಬಟ್ಟೆ ಒಗೆಯುವ ಕೋಣೆಗೆ ಹಾಕಿದರು. ಪರೀಕ್ಷೆಯಲ್ಲಿ ಹುಡುಗಿ ಮೊದಲಿಗಳಾದಳು. ತರಗತಿಯಲ್ಲಿ ಚಪ್ಪಾಳೆ ಬಿದ್ದಾಗ ಅವಳಿಗೆ ಎಲ್ಲಾದರೂ ಅಡಗಿಕೊಳ್ಳಬೇಕೆನಿಸಿತು.

ಹನ್ನೊಂದು ದಿನ ತಡೆದು, ಕೊನೆಗೆ ಆ ಕೋಣೆಗೆ ಹೋದಳು. ಆಯಾ ಚಾದರ ಹಿಂಡುತ್ತಿದ್ದಳು.

“ಅಮ್ಮಾ, ಅವರ ಮಗ್ಗುಲು ನಾನು ಬದಲಿಸಿರಲಿಲ್ಲ. ಸುಳ್ಳು ಬರೆದಿದ್ದೆ.”

“ಗೊತ್ತು. ನೋಡ್ತಾನೇ ಇದ್ನಲ್ಲ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹಾಳೇಲಿ ನಿನ್ನ ಸಹಿ ಇತ್ತು. ನನ್ನ ಮಾತು ಯಾರು ಕೇಳ್ತಿದ್ರು?” ಆಯಾ ಚಾದರ ಕೊಡವಿದಳು. “ನನ್ಹತ್ರ ಹೇಳಿ ಮನಸ್ಸು ಹಗುರ ಮಾಡ್ಕೊಂಡು ಹೋಗ್ಬೇಡ. ಹೇಳೋ ಕಡೆ ಹೇಳು.”

ಹುಡುಗಿ ಅಲ್ಲಿಂದ ನೇರ ಹಿರಿಯ ಸಿಸ್ಟರ್ ಕೋಣೆಗೆ ಹೋದಳು. ಎಲ್ಲವನ್ನೂ ಹೇಳಿದಳು. ಶಿಕ್ಷೆಯಾಗಿ ಅವಳ ಓದು ಆರು ತಿಂಗಳು ಹಿಂದೆ ಬಿತ್ತು. ಆಯಾ ವಾರ್ಡಿಗೆ ಮರಳಿದಳು. ಎಲ್ಲರೊಂದಿಗೂ ನಗುನಗುತ್ತಾ ಮಾತಾಡಿದಳು, ಇವಳೊಂದಿಗೆ ಮಾತ್ರ ಕೆಲಸಕ್ಕೆ ಬೇಕಾದಷ್ಟೇ.

ದರ್ಜಿಯ ಹುಣ್ಣಿಗೆ ದಿನವೂ ಪಟ್ಟಿ ಕಟ್ಟುವ ಕೆಲಸವನ್ನು ಹುಡುಗಿಯೇ ಕೇಳಿ ಪಡೆದಳು. ಮಾಯಲು ಏಳು ವಾರ ಹಿಡಿಯಿತು. ದರ್ಜಿ ಮನೆಗೆ ಹೊರಡುವ ದಿನ ಅವಳು ಅವನ ಕಿವಿಯ ಬಳಿ ಬಗ್ಗಿ, “ನನ್ನಿಂದಾನೇ ಹೀಗಾಯ್ತು, ಅಣ್ಣಾ,” ಎಂದಳು. ಅವನು ಅವಳನ್ನೇ ದಿಟ್ಟಿಸಿ ಕಣ್ಣು ಮುಚ್ಚಿದ. ಕ್ಷಮಿಸಿದನೋ, ದಣಿದಿದ್ದನೋ, ಅವಳಿಗೆ ತಿಳಿಯಲಿಲ್ಲ.